ಬಿಡಿ, ಬೀಡಿ, ಸೋಡಾ

ನಮ್ಮ ಮನೆಯಲ್ಲಿ ಎರಡೂ ದೊಡ್ಡ ಪಕ್ಷಗಳಿಗೆ ಬೈಗುಳ ಸಮನಾಗಿ ಸಿಗುತ್ತಿತ್ತು. ಬೆಳಗಿನ ಕಾಫಿಯ ಜೊತೆ ಆಳುವ ಪಕ್ಷಕ್ಕೆ, ಮಧ್ಯಾಹ್ನದ ಊಟದ ಮೇಲೆ ವಿರೋಧ ಪಕ್ಷಕ್ಕೆ. ಬಡಿಸುತ್ತಿದ್ದವರು ಅಪ್ಪ. ಘಾಟ್ಕೋಪರ್ ಸ್ಟೇಷನ್ನಿನ ಎದುರು ಅವರದೊಂದು ಉಡುಪಿ ಹೋಟೆಲು, ಅದರ ಹಿಂದಿನ ಚಾಳಿನಲ್ಲಿ ಎರಡು ಕೋಣೆಯ ನಮ್ಮ ಮನೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನನಗೆ ಆಗ ಇಪ್ಪತ್ತೆರಡು ವರ್ಷ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲಿಂದ ಬಹಳ ದೂರವೇನೂ ಹೋಗಿಲ್ಲ.

ಅಪ್ಪನ ಸಿಟ್ಟಿಗೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಸಕ್ಕರೆಗೊಂದು ಪರವಾನಗಿ, ಸೀಮೆಎಣ್ಣೆಗೊಂದು, ಗಿರಾಕಿ ಕುಳಿತು ತಿನ್ನುವುದಕ್ಕೊಂದು, ನಿಂತು ಕುಡಿಯುವುದಕ್ಕೆ ಮತ್ತೊಂದು. ಎಲ್ಲಕ್ಕೂ ಗಾಜು ಹಾಕಿಸಿ ಗೋಡೆಗೆ ತೂಗಿಸಿದ ಮೇಲೆ ದೇವರ ಪಟಕ್ಕೆ ಜಾಗ ಉಳಿಯದೆ, ಅದು ಕೈ ತೊಳೆಯುವ ಬೇಸಿನ್ನಿನ ಮೇಲಕ್ಕೆ ಹೋಯಿತು. ರೈಸ್ ಪ್ಲೇಟಿನ ದರವನ್ನು ಸರಕಾರವೇ ಹೇಳುತ್ತಿತ್ತು. ಒಮ್ಮೆ ಒಬ್ಬ ಅಧಿಕಾರಿ ತಕ್ಕಡಿ ತಂದು ನಮ್ಮ ಇಡ್ಲಿ ತೂಗಿದ. ಚಟ್ನಿ ಸೇರಿಸಿ ತೂಗಬೇಕೋ, ಬಿಟ್ಟು ತೂಗಬೇಕೋ ಅವನಿಗೇ ಗೊತ್ತಿರಲಿಲ್ಲ. ಎರಡೂ ರೀತಿ ತೂಗಿದ, ತೂಗಿದ್ದನ್ನು ತಿಂದ, ಹೋದ. ಅದೇ ವಾರ ವಿರೋಧ ಪಕ್ಷದವರು ಮೋರ್ಚಾ ತಂದರು. ಇಡ್ಲಿ ತೂಗಿದ್ದನ್ನು ಖಂಡಿಸಲು ಬಂದಿದ್ದಾರೆ ಎಂದುಕೊಂಡು ಅಪ್ಪ ಎಲ್ಲರಿಗೂ ಚಹಾ ಕೊಡಿಸಿದರು. ಅವರು ಚಹಾ ಕುಡಿದು, ದೋಸೆಯನ್ನೂ ತೂಗಬೇಕೆಂದು ಘೋಷಣೆ ಕೂಗಿ ಹೋದರು.

ಅಂದು ಅಪ್ಪ ಊಟದ ಮುಂದೆ ಕುಳಿತು ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದರು. ಆಮೇಲೆ ಹೇಳಿದರು: “ಪಂಚಾಂಗದಲ್ಲಿ ಪಕ್ಷ ಎರಡು ಉಂಟು. ಒಂದರಲ್ಲಿ ಚಂದ್ರ ಬೆಳೆಯುದು, ಒಂದರಲ್ಲಿ ಕರಗುದು. ಇವರದ್ದೂ ಎರಡು ಪಕ್ಷ. ಆದರೆ ಎರಡರಲ್ಲೂ ಕರಗುದು ನಾನೇ.”

ನಮ್ಮ ಮನೆಯಲ್ಲೂ ಎರಡು ದೊಡ್ಡ ಪಕ್ಷಗಳಿದ್ದವು ಎಂಬುದು ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ. ಆಳುವ ಪಕ್ಷ ಅಪ್ಪ, ವಿರೋಧ ಪಕ್ಷ ಅಮ್ಮ. ಕಿಟಕಿ ಎಷ್ಟು ತೆರೆಯಬೇಕು, ಫ್ಯಾನು ಎಷ್ಟರ ಮೇಲೆ ತಿರುಗಬೇಕು, ಸಾರಿಗೆ ಹುಳಿ ಎಷ್ಟು ಎಂದು ಅಪ್ಪ ದಿನಕ್ಕೊಂದು ಆಜ್ಞೆ ಹೊರಡಿಸುತ್ತಿದ್ದರು, ಅಮ್ಮ ಪ್ರತಿಯೊಂದನ್ನೂ ವಿರೋಧಿಸುತ್ತಿದ್ದಳು. ನನ್ನ ವಿಷಯ ಬಂದಾಗ ಮಾತ್ರ ಇಬ್ಬರೂ ಒಂದೇ ಕಡೆ ಕೈ ಎತ್ತುತ್ತಿದ್ದರು. ಅಪ್ಪ ನೋಡಿದ ಗಂಡು ಆಂಟಾಪ್ ಹಿಲ್ಲಿನಲ್ಲಿ ಹೋಟೆಲು ಇಟ್ಟವನು. ಅಮ್ಮ ನೋಡಿದ ಗಂಡು ಅವನ ಎದುರು ಹೋಟೆಲು ಇಟ್ಟವನು. ಇವರಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳಲು ನನಗೆ ಪೂರ್ತಿ ಸ್ವಾತಂತ್ರ್ಯವಿದೆ ಎಂದು ಇಬ್ಬರೂ ಬಾಯಿ ತುಂಬ ಹೇಳುತ್ತಿದ್ದರು.

ನನಗೆ ಬೇಕಾಗಿದ್ದುದು ಬೇರೆಯೇ. ಲೈಬ್ರರಿಗೆಂದು ಹೇಳಿ ಹೋಗಿ, ವಿಕ್ರೋಳಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಬಂದಿದ್ದೆ. ಕೆಲಸ ಸಿಕ್ಕಿತು. ಮುನಿಸಿಪಾಲಿಟಿಯ ಚುನಾವಣೆ ಮುಗಿದ ಮರು ಸೋಮವಾರ ಹಾಜರಾಗಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ ಎಂದು ಕಾಗದ ಬಂತು. ಅಪ್ಪ ಕಾಗದ ಓದಿ ಬೇಡವೆಂದರು. ಅಮ್ಮ ಕಾಗದ ಓದದೆಯೇ ಬೇಡವೆಂದಳು. ಕಾರಣ ಕೇಳಿದೆ. ಹೆಣ್ಣುಮಕ್ಕಳು ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುವುದು ನಮ್ಮಲ್ಲಿ ಇಲ್ಲ ಎಂದರು ಅಪ್ಪ. ಬೇಕಿದ್ದರೆ ಮದುವೆಯಾದ ಮೇಲೆ ಅತ್ತೆಯ ಅಪ್ಪಣೆ ಪಡೆದು ಹೋಗು ಎಂದಳು ಅಮ್ಮ. ನಾನು ಆ ಕಾಗದವನ್ನು ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟೆ. ದಿನಕ್ಕೆ ಮೂರು ಸಲವಾದರೂ ತೆಗೆದು ಓದುತ್ತಿದ್ದೆ.

ಈ ನಡುವೆ ಅಪ್ಪ ತಾವೇ ಚುನಾವಣೆಗೆ ನಿಲ್ಲುತ್ತೇನೆಂದರು. ಪಕ್ಷೇತರರಾಗಿ. ಗೆಲ್ಲುವ ಆಸೆ ಅವರಿಗಿರಲಿಲ್ಲ, ಎರಡೂ ಪಕ್ಷದವರಿಗೆ ಗೋಡೆಯ ಮೇಲೆ ಬರೆದು ಒಂದು ಮಾತು ಹೇಳಬೇಕಿತ್ತು, ಅಷ್ಟೆ. ಆ ಮಾತು ‘ನಮ್ಮನ್ನು ನಮ್ಮ ಪಾಡಿಗೆ ಬಿಡಿ’. ಸಿಕ್ಕಿದ ಗೋಡೆಗಳು ಚಿಕ್ಕವಾದ್ದರಿಂದ ‘ನಮ್ಮನ್ನು ಬಿಡಿ’ ಸಾಕೆಂದರು. ನಮ್ಮ ವಾರ್ಡಿನಲ್ಲಿ ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದ ಕಟ್ಟಡ ಕೆಲಸದ ಗೌಂಡಿಗಳು ಬಹಳ. ಮಾತು ಕನ್ನಡ, ಆದರೆ ಅವರ ಮಕ್ಕಳು ಓದುವುದು ಮರಾಠಿ ಶಾಲೆಯಲ್ಲಿ. ಬೋರ್ಡು ಬರೆಯುವ ಪೇಂಟರನಿಗೂ ಕನ್ನಡದ ಅಕ್ಷರ ಬಾರದು. ಆದ್ದರಿಂದ ಕನ್ನಡದ ಮಾತನ್ನೇ ನಾಗರಿ ಲಿಪಿಯಲ್ಲಿ ಬರೆಸುವುದೆಂದಾಯಿತು. ಲಿಪಿ ಬದಲಿಸಿ ಚೀಟಿ ಬರೆದು ಕೊಟ್ಟವಳು ನಾನು. ಚಿಹ್ನೆಯಾಗಿ ಅಪ್ಪನಿಗೆ ಸಿಕ್ಕಿದ್ದು ಕಂದೀಲು.

ಪೇಂಟರ್ ಬುದ್ಧಿವಂತ. ಅಂಥವರಿಂದಲೇ ಅನಾಹುತವಾಗುವುದು. ಚೀಟಿಯಲ್ಲಿ ‘ಬಿಡಿ’ ಎಂದಿದ್ದುದನ್ನು ನೋಡಿ, ಹೋಟೆಲಿನ ಶೇಟರ ಮಗಳಿಗೆ ಅವಸರದಲ್ಲಿ ದೀರ್ಘ ಮರೆತುಹೋಗಿದೆ ಎಂದು ತಿದ್ದಿ, ‘ಬೀಡಿ’ ಎಂದು ಬರೆದ. ಮೇಲೆ ದೊಡ್ಡದಾಗಿ ‘ನಮ್ಮನ್ನು’, ಕೆಳಗೆ ಅದಕ್ಕಿಂತ ದೊಡ್ಡದಾಗಿ ‘ಬೀಡಿ’, ನಡುವೆ ಉರಿಯುವ ಕಂದೀಲು. ನೋಡಿದವರಿಗೆ ಹೊಸದೊಂದು ಬೀಡಿ ಮಾರುಕಟ್ಟೆಗೆ ಬಂದಿದೆ, ಹೆಸರು ನಮ್ಮನ್ನು ಬೀಡಿ, ಕಂದೀಲು ಛಾಪು ಎನ್ನುವುದರಲ್ಲಿ ಸಂಶಯ ಉಳಿಯುವಂತಿರಲಿಲ್ಲ. ಹದಿನೇಳು ಗೋಡೆಗಳ ಮೇಲೆ ಹೀಗೆ ಬರೆದು ಮುಗಿಸಿ ಪೇಂಟರ್ ಬಂದು, ನಿಮ್ಮ ತಪ್ಪನ್ನು ಸರಿಮಾಡಿದ್ದೇನೆ, ಯಾರಿಗೂ ಹೇಳುವುದಿಲ್ಲ ಎಂದು ನನಗೆ ಮೆಲ್ಲಗೆ ಹೇಳಿದ.

ಮರುದಿನ ಬೆಳಿಗ್ಗೆ ಪಾನ್ ಅಂಗಡಿಯವನು ಬಂದು, ನಮ್ಮನ್ನು ಬೀಡಿಯ ಏಜೆನ್ಸಿ ಬೇರೆ ಯಾರಿಗೂ ಕೊಡಬೇಡಿ ಎಂದು ಅಪ್ಪನ ಕೈ ಹಿಡಿದುಕೊಂಡ. ಸಂಜೆ ಗೌಂಡಿಗಳು ಬಂದರು. ಚುನಾವಣೆಯಲ್ಲಿ ಹಂಚುತ್ತೀರಂತಲ್ಲ, ಎಲ್ಲಿವೆ ಎಂದು ಕೇಳಿದರು. ಅಪ್ಪ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವರಲ್ಲ. ಹೋಟೆಲಿನಲ್ಲಿ ಯಾರಾದರೂ ಕಡ್ಡಿ ಗೀರಿದರೆ ಒಳಗಿಂದ ನೀರಿನ ಚೊಂಬು ಹಿಡಿದು ಬರುವವರು. ಅವರನ್ನು ಜನ ‘ನಮ್ಮನ್ನು ಶೇಟ್’ ಎಂದು ಕರೆಯತೊಡಗಿದರು. ಆ ಹೆಸರು ಅವರ ಕೊನೆಗಾಲದವರೆಗೂ ಅಂಟಿಕೊಂಡೇ ಇತ್ತು.

ದೊಡ್ಡ ಪಕ್ಷಗಳು ಸುಮ್ಮನಿರುತ್ತವೆಯೇ. ಆಳುವ ಪಕ್ಷದ ಅಭ್ಯರ್ಥಿ, ಖಾಸಗಿಯವರ ಬೀಡಿಯನ್ನು ನಂಬಬೇಡಿ, ನಾವು ರೇಷನ್ ಕಾರ್ಡಿನ ಮೇಲೆ ತಲೆಗೊಂದು ಕಟ್ಟು ಬೀಡಿ ಕೊಡಿಸುತ್ತೇವೆ ಎಂದು ಸಭೆಯಲ್ಲಿ ಹೇಳಿದ. ವಿರೋಧ ಪಕ್ಷದವನು, ತಲೆಗೊಂದು ಕಟ್ಟು ಯಾವ ಮೂಲೆಗೆ ಸಾಕು, ಎರಡು ಕಟ್ಟು ಕೊಡಬೇಕು ಎಂದು ಹೋರಾಟದ ಎಚ್ಚರಿಕೆ ಕೊಟ್ಟ. ಇಲ್ಲದ ಬೀಡಿಗೂ ಕಂಟ್ರೋಲು ಬಂತಲ್ಲ ಎಂದು ಅಪ್ಪ ಹಣೆ ಚಚ್ಚಿಕೊಂಡರು.

ತಿದ್ದಿಸಲೇಬೇಕಾಯಿತು. ಈ ಸಲ ಕನ್ನಡದ ಸಹವಾಸವೇ ಬೇಡ, ಮರಾಠಿಯಲ್ಲೇ ಬರೆಯೋಣ ಎಂದು ಪೇಂಟರ್ ಸೂಚಿಸಿದ. ಬಿಡಿ ಎನ್ನುವುದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆಂದು ಅಪ್ಪ ನನ್ನನ್ನು ಕೇಳಿದರು. ನಾನು ಯೋಚನೆಯನ್ನೇ ಮಾಡದೆ ಹೇಳಿಬಿಟ್ಟೆ, ‘ಸೋಡಾ’. ನಿಜವಾಗಿ ಅದೇ ಸರಿಯಾದ ಮಾತು. ‘ಆಮ್ಹಾಲಾ ಸೋಡಾ’, ನಮ್ಮನ್ನು ಬಿಡಿ. ಹದಿನೇಳು ಗೋಡೆಗಳ ಮೇಲೆ ಬೀಡಿ ಅಳಿಸಿ ಸೋಡಾ ಬರೆಯಲಾಯಿತು. ಮರಾಠಿಯವರು ಓದಿ, ಪಾಪ, ಇವರನ್ನು ಯಾವ ಪೊಲೀಸರು ಹಿಡಿದಿದ್ದಾರೋ ಎಂದುಕೊಂಡರು. ಉಳಿದವರು ಓದಿ, ಬೀಡಿಯ ಜೊತೆಗೆ ಈಗ ಸೋಡಾ ಕೂಡ ಇದೆ ಎಂದುಕೊಂಡರು. ಪೇಂಟರ್ ಕೂಡ ಸುಮ್ಮನಿರಲಾರದೆ ಎರಡು ಗೋಡೆಗಳ ಮೇಲೆ ಗುಳ್ಳೆ ಏಳುವ ಒಂದೊಂದು ಬಾಟಲಿ ಬಿಡಿಸಿದ್ದ.

ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಮಾತಾಡುವುದನ್ನು ಕೇಳಿ ಅಮ್ಮ ಕೊಡ ಅರ್ಧ ತುಂಬಿಸಿಕೊಂಡೇ ಮನೆಗೆ ಬಂದಳು. “ಬೀಡಿ ಆಯಿತು, ಸೋಡಾ ಆಯಿತು. ಇನ್ನು ಅದಕ್ಕೆ ಬೆರೆಸುದು ಯಾವಾಗ ತರ್ತೀರಿ?” ಎಂದು ಅಪ್ಪನನ್ನು ಕೇಳಿದಳು. ಪರ್ಮಿಟ್ ಇಲ್ಲದೆ ಮದ್ಯ ಮುಟ್ಟುವಂತಿರದ ಕಾಲ ಅದು. ಅಪ್ಪ ಎರಡು ದಿನ ಗಲ್ಲಾದ ಮೇಲೆ ಕೂರಲಿಲ್ಲ.

ಕೊನೆಗೆ, ಗೋಡೆಯ ಸಹವಾಸವೇ ಸಾಕು, ಸಭೆ ಮಾಡಿ ಬಾಯಿಬಿಟ್ಟು ಹೇಳುವುದೆಂದು ನಿಶ್ಚಯವಾಯಿತು. ಮತದಾನಕ್ಕೆ ಮೂರು ದಿನ ಮೊದಲು, ಸಂಜೆ ಐದಕ್ಕೆ, ಹೋಟೆಲಿನ ಪಕ್ಕದ ಓಣಿಯಲ್ಲಿ ಎರಡು ಬೆಂಚು ಜೋಡಿಸಿ ವೇದಿಕೆ ಮಾಡಿ, ಬಾಡಿಗೆಗೆ ಮೈಕು ತರಿಸಿದರು. ಅಪ್ಪನ ಮರಾಠಿ ತರಕಾರಿ ಕೊಳ್ಳುವಷ್ಟು ಮಾತ್ರ. ಅವರು ಕನ್ನಡದಲ್ಲಿ ಹೇಳುವುದು, ನಾನು ಪಕ್ಕದಲ್ಲಿ ನಿಂತು ಮರಾಠಿಯಲ್ಲಿ ಹೇಳುವುದು. ಸೋಡಾ ಸಿಗಬಹುದೆಂಬ ಆಸೆಯಿಂದ ಜನ ಬಹಳ ಸೇರಿದ್ದರು.

ಅಪ್ಪ ಅಂದು ಚೆನ್ನಾಗಿ ಮಾತಾಡಿದರು. ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ಪಕ್ಷ ಎಡಗೈ ಹಿಡಿದು ಎಳೆಯುತ್ತದೆ, ಇನ್ನೊಂದು ಬಲಗೈ ಹಿಡಿದು ಎಳೆಯುತ್ತದೆ, ಇಬ್ಬರೂ ನಿನ್ನ ಒಳ್ಳೆಯದಕ್ಕೆ ಎನ್ನುತ್ತಾರೆ, ಕೈ ಬಿಟ್ಟರೆ ನಾನೇ ನಡೆಯುತ್ತೇನಲ್ಲ ಎಂದರು. ಆಮೇಲೆ ದನಿ ಏರಿಸಿ ಹೇಳಿದರು: “ಯಾರು ಎಲ್ಲಿ ದುಡಿಯಬೇಕು ಅಂತ ಅವರವರೇ ನೋಡಿಕೊಳ್ಳಲಿ. ಪ್ರಾಯಕ್ಕೆ ಬಂದವರಿಗೆ ಇನ್ನೊಬ್ಬರ ಅಪ್ಪಣೆ ಎಂತಕ್ಕೆ?”

ಈ ಮಾತನ್ನು ನಾನು ಎಷ್ಟು ಆವೇಶದಿಂದ ಮರಾಠಿಗೆ ತಂದೆನೆಂದರೆ, ಅವರು ಹೇಳದ ನಾಲ್ಕು ಮಾತುಗಳೂ ಸೇರಿಹೋದವು. ಚಪ್ಪಾಳೆ ಬಿತ್ತು. ಆಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ಬಿಜಾಪುರದ ಕಡೆಯವಳು, ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊರುವವಳು, ಕೆಲಸ ಮುಗಿಸಿ ಬುಟ್ಟಿಯ ಸಮೇತ ನೇರವಾಗಿ ಬಂದಿದ್ದಳು.

“ಮಾಲಕರ, ನಿಮ್ಮ ಮಗಳು ಭಾಳ ಚಂದ ಮಾತಾಡ್ತಾಳ. ಈಕಿ ಎಲ್ಲಿ ದುಡೀತಾಳ್ರೀ?”

ಅವಳು ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡರು. “ಅವಳು ಮನೆಯಲ್ಲೇ ಇರುದು. ಗಂಡು ನೋಡ್ತಾ ಇದ್ದೇವೆ,” ಎಂದರು. ಆಮೇಲೆ ಅಷ್ಟು ಹೊತ್ತಿನ ಅಭ್ಯಾಸದಂತೆ ನನ್ನ ಕಡೆ ತಿರುಗಿ, ಮರಾಠಿಯಲ್ಲಿ ಹೇಳು ಎಂಬಂತೆ ಮೈಕು ಚಾಚಿದರು.

ನಾನು ಹೇಳಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಬಗ್ಗೆ ನನ್ನ ಬಾಯಿಂದಲೇ, ಇವಳು ಮನೆಯಲ್ಲೇ ಇರುತ್ತಾಳೆ, ಇವಳಿಗೆ ಗಂಡು ನೋಡುತ್ತಿದ್ದಾರೆ ಎಂದು ಘಾಟ್ಕೋಪರಿನ ಆ ಓಣಿಗೆಲ್ಲ ಕೇಳುವಂತೆ ಹೇಳಿದೆ. ಮೈಕು ಕೈಯಲ್ಲೇ ಇತ್ತು. ಆಮೇಲೆ ಮೊದಲು ಕನ್ನಡದಲ್ಲಿ, ನಂತರ ಮರಾಠಿಯಲ್ಲಿ ನನ್ನ ಸ್ವಂತದ್ದನ್ನೂ ಸೇರಿಸಿದೆ: ವಿಕ್ರೋಳಿಯಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಹೋಗಬೇಕು, ಇವರು ಬಿಡುತ್ತಿಲ್ಲ.

ಮೊದಲು ನಕ್ಕವನು ಪೇಂಟರ್. ನಂತರ ಇಡೀ ಓಣಿ ನಕ್ಕಿತು. ಆ ಹೆಂಗಸು ಮಾತ್ರ ನಗಲಿಲ್ಲ. “ಮೊದಲ ನಿಮ್ಮ ಮಗಳನ್ನ ಬಿಡ್ರೀ ಮಾಲಕರ. ಆಮ್ಯಾಲ ಸರಕಾರಕ್ಕ ಹೇಳ್ರಿ,” ಎಂದು ಬುಟ್ಟಿ ಎತ್ತಿಕೊಂಡು ಹೊರಟಳು. ಅಪ್ಪನ ಕಿವಿಗಳು ಕೆಂಪಾದದ್ದನ್ನು ಪಕ್ಕದಲ್ಲಿ ನಿಂತಿದ್ದ ನಾನು ಕಂಡೆ. ನನಗೆ ಗೆದ್ದಂತೆ ಅನಿಸಬೇಕಿತ್ತು. ಅನಿಸಲಿಲ್ಲ. ಮೈಕನ್ನು ಅವರ ಕೈಗೆ ಕೊಟ್ಟು ಬೆಂಚಿನಿಂದ ಇಳಿದೆ.

ಅಂದಿನಿಂದ ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ಮತದಾನದ ದಿನ ಪರದೆಯ ಹಿಂದೆ ನಿಂತು ನಾನು ಕಂದೀಲಿಗೇ ಮುದ್ರೆ ಒತ್ತಿದೆ. ಮನೆಯಲ್ಲಿ ನಡೆಯದಿದ್ದರೂ ಅವರು ಆಡಿದ್ದು ನನಗೆ ಬೇಕಾದ ಮಾತೇ. ನೀನು ಯಾರಿಗೆ ಹಾಕಿದೆ ಎಂದು ಅಪ್ಪ ಅಮ್ಮನನ್ನು ಕೇಳಿದ್ದಕ್ಕೆ ಅವಳು, ಗುಟ್ಟಿನ ಮತವೆಂದರೆ ಗುಟ್ಟು ಎಂದು ಹೇಳಿ ಕೊತ್ತಂಬರಿ ಹೆಚ್ಚುತ್ತ ಕುಳಿತಳು. ಎಣಿಕೆಯಲ್ಲಿ ಅಪ್ಪ ಮೂರನೆಯವರಾಗಿ ಠೇವಣಿ ಕಳೆದುಕೊಂಡರು. ಅವರಿಗೆ ಬಿದ್ದ ಮತಗಳಲ್ಲಿ ಕೆಲವು ಅಸಿಂಧುವಾದವು. ಆ ಕಾಗದಗಳ ಮೇಲೆ ಮತದಾರರು, ಬೀಡಿ ಇನ್ನೂ ತಲುಪಿಲ್ಲ ಎಂದು ಬರೆದಿದ್ದರಂತೆ.

ಭಾನುವಾರ ನಾನು ಸೀರೆಗೆ ಇಸ್ತ್ರಿ ಹಾಕಿದೆ. ಯಾರೂ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸೋಮವಾರ ಬೆಳಿಗ್ಗೆ ಅಮ್ಮ ಬಾಯಲ್ಲಿ ಗೊಣಗುತ್ತಲೇ ಊಟದ ಡಬ್ಬಿ ತುಂಬಿಸಿ ಕೈಗಿಟ್ಟಳು. ಸ್ಟೇಷನ್ನಿಗೆ ಹೋಗಬೇಕಾದರೆ ಹೋಟೆಲಿನ ಮುಂದೆಯೇ ಹಾಯಬೇಕು. ಅಪ್ಪ ಗಲ್ಲಾದ ಮೇಲೆ ಕುಳಿತಿದ್ದರು. ನನ್ನನ್ನು ನೋಡಿದರು. ನಾನು ನಿಂತೆ, ಬೇಕೆಂದೇ ನಿಂತೆ. ಅವರು ತಡೆಯಲಿಲ್ಲ. ಹೋಗು ಎನ್ನಲಿಲ್ಲ, ಹುಷಾರು ಎನ್ನಲಿಲ್ಲ. ಅಡುಗೆಮನೆಯ ಕಡೆ ಮುಖ ತಿರುಗಿಸಿ, ಸಾಂಬಾರಿಗೆ ನೀರು ಜಾಸ್ತಿಯಾಗಿದೆ ಎಂದು ಯಾರಿಗೋ ಜೋರಾಗಿ ಹೇಳಿದರು.

ಬಿಡುವುದೆಂದರೆ ಅಡ್ಡ ಬರದೆ ಇರುವುದು ಎಂದು ಅವರು ತಿಳಿದಿದ್ದರು, ಆ ಪ್ರಕಾರ ಅವರು ತಮ್ಮ ಮಾತನ್ನು ಅಂದು ಪೂರ್ತಿಯಾಗಿ ನಡೆಸಿಕೊಟ್ಟರು. ನನಗೆ ಅವರ ಅಪ್ಪಣೆ ಬೇಕಿರಲಿಲ್ಲ. ಆದರೆ ಹೋಗಿ ಬಾ ಎಂಬ ಮಾತು ಬೇಕಿತ್ತು, ಅದು ಅಷ್ಟೊಂದು ಬೇಕಿತ್ತೆಂದು ನನಗೆ ಗೊತ್ತಾದದ್ದು ರೈಲಿನ ಲೇಡೀಸ್ ಡಬ್ಬಿ ಹತ್ತಿದ ಮೇಲೆ. ಬಾಗಿಲ ಕಂಬ ಹಿಡಿದು ನಿಂತವಳಿಗೆ ಅಳು ಒತ್ತರಿಸಿ ಬಂತು. ಘಾಟ್ಕೋಪರಿನಿಂದ ವಿಕ್ರೋಳಿಗೆ ಒಂದೇ ಸ್ಟೇಷನ್. ಅಳು ಮುಗಿಯುವ ಮೊದಲೇ ಗಾಡಿ ನಿಂತಿತು, ಹಿಂದಿದ್ದವರು ತಳ್ಳಿದರು, ನಾನು ಇಳಿದು ಸೆರಗಿನಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದೆ.