ಡ್ರೈವಿಂಗ್ ಮೇಡಂಗೆ ಹಾರ್ಟ್ ಅಟ್ಯಾಕ್

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರಿಗೂ ಅವಳು ಮೇಡಂ. ಇನ್ನೂ ನಲವತ್ತು ದಾಟಿರಲಿಲ್ಲ. ನೆಗಡಿಗೂ ಮಾತ್ರೆ ನುಂಗಿದವಳಲ್ಲ. ಎಂಥ ಅಂಜುಬುರುಕರು ಬಂದರೂ ಪಕ್ಕದ ಸೀಟಿನಲ್ಲಿ ಕೂತು ನಗಿಸಿ ನಗಿಸಿಯೇ ಕಲಿಸುವಳು.

ಅವತ್ತು ಸ್ಟಿಯರಿಂಗ್ ಹಿಡಿದಿದ್ದವರು ನಿವೃತ್ತ ಹೆಡ್‌ಮಿಸ್. ಎರಡನೇ ಗೇರ್ ದಾಟಲು ಜಪ್ಪಯ್ಯ ಅಂದರೂ ಒಪ್ಪದವರು.

"ಸ್ವಲ್ಪ ಆಕ್ಸಿಲರೇಟರ್ ಒತ್ತಿ ಮಿಸ್, ಸೈಕಲ್‌ನವರೂ ನಮ್ಮನ್ನ ಹಿಂದೆ ಹಾಕ್ತಿದಾರೆ" ಅನ್ನುತ್ತಿದ್ದಂತೆಯೇ ಮೇಡಂ ಎದೆಯ ಮೇಲೆ ಬಂಡೆ ಹೇರಿದಂತಾಯಿತು. ಎಡಗೈ ಸೋತಿತು. ಮೈಯೆಲ್ಲ ಬೆವರು.

"ಮಿಸ್... ಆಸ್ಪತ್ರೆ ಕಡೆ ತಿರುಗಿಸಿ."

"ಅಯ್ಯೋ, ಅದು ಮೇನ್ ರೋಡು ಕಣಮ್ಮಾ!"

ಮೇಡಂ ಮುಖ ನೋಡಿದ ಹೆಡ್‌ಮಿಸ್ ಹಲ್ಲು ಕಚ್ಚಿ ಮೂರನೇ ಗೇರ್ ಹಾಕಿದರು. ಆಸ್ಪತ್ರೆ ಬಾಗಿಲು ಮುಟ್ಟುವವರೆಗೂ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ.

ಇಸಿಜಿ ನೋಡಿದ ಡಾಕ್ಟರು ಹಾರ್ಟ್ ಅಟ್ಯಾಕ್ ಅಂದಾಗ ಮೇಡಂಗೆ ನಂಬಿಕೆಯೇ ಬರಲಿಲ್ಲ. "ನನಗಾ? ಸರಿಯಾಗಿ ನೋಡಿ ಡಾಕ್ಟ್ರೇ."

ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿದರು. ಹೃದಯದ ರಕ್ತನಾಳ ಪರದೆಯ ಮೇಲೆ ಮೂಡಿದಾಗ ಡಾಕ್ಟರೇ ದಂಗಾದರು. ನಾಳ ಕಿರಿದಾಗಿರಲಿಲ್ಲ, ಬಲೂನಿನಂತೆ ಉಬ್ಬಿತ್ತು. ಆ ಅಗಲದಲ್ಲಿ ರಕ್ತ ನಿಧಾನವಾಗಿ, ಹೆಪ್ಪುಗಟ್ಟಿ ಕೂತಿತ್ತು.

"ಇಷ್ಟು ಅಗಲದಲ್ಲಿ ಸ್ಟೆಂಟ್ ಗೋಡೆಗೆ ಅಂಟಿ ನಿಲ್ಲಲ್ಲ. ಹೆಪ್ಪನ್ನ ಹೀರಿ ತೆಗೀತೀವಿ" ಅಂದರು. ಎಚ್ಚರವಾಗಿಯೇ ಇದ್ದ ಮೇಡಂ ಉಸಿರು ಬಿಗಿಹಿಡಿದಳು. ಸ್ವಲ್ಪ ಹೊತ್ತಿಗೆ ಎದೆಯ ಭಾರ ಇಳಿಯಿತು.

ಮರುದಿನ ವಾರ್ಡಿಗೆ ಬಂದ ಡಾಕ್ಟರು ಅವಳ ತಾಯಿಯನ್ನು ಕೇಳಿದರು: "ಇವರು ಚಿಕ್ಕವರಿದ್ದಾಗ ದೊಡ್ಡ ಜ್ವರ ಏನಾದ್ರೂ ಬಂದಿತ್ತಾ?"

"ಶಾಲೆಗೆ ಸೇರೋಕೆ ಮುಂಚೆ ಬಂದಿತ್ತು. ಕಣ್ಣು, ನಾಲಿಗೆ ಎಲ್ಲ ಕೆಂಪು. ಜ್ವರ ಬಿಟ್ಟ ಮೇಲೆ ಬೆರಳ ತುದಿ ಚರ್ಮ ಸುಲಿದು ಬಂತು. ಅಲರ್ಜಿ ಅಂದ್ರು."

"ಅಲರ್ಜಿ ಅಲ್ಲ, ಆ ಜ್ವರಾನೇ ಇದಕ್ಕೆ ಕಾರಣ ಇರಬೇಕು. ಅಂಥ ಜ್ವರ ಕೆಲವು ಮಕ್ಕಳಿಗೆ ಹೃದಯದ ನಾಳಾನೇ ಉಬ್ಬಿಸಿಬಿಡುತ್ತೆ."

ತಾಯಿ ಮಗಳ ಕೈ ಹಿಡಿದುಕೊಂಡರು. "ಎತ್ತಿ ಆಡಿಸಿದ ನನಗೇ ಗೊತ್ತಾಗಲಿಲ್ಲವಲ್ಲ!"

ಇದನ್ನು ಎದೆಯಲ್ಲಿಟ್ಟುಕೊಂಡೇ ಮೇಡಂ ಮರ ಹತ್ತಿದ್ದಳು, ಬಸ್ಸಿನ ಹಿಂದೆ ಓಡಿದ್ದಳು, ಎರಡು ಹೆತ್ತಿದ್ದಳು.

ರಕ್ತ ಹೆಪ್ಪುಗಟ್ಟದಂತೆ ಇನ್ನು ಬದುಕಿಡೀ ಮಾತ್ರೆ, ಆಗಾಗ ರಕ್ತಪರೀಕ್ಷೆ. ಕೆಲಸಕ್ಕೆ ಮರಳಲು ಡಾಕ್ಟರು ಒಪ್ಪಿದ ಮೇಲೂ ಅವಳ ಕೈ ಆಗಾಗ ಎದೆ ಮುಟ್ಟಿ ನೋಡಿಕೊಳ್ಳುತ್ತಿತ್ತು.

"ಗೊತ್ತಿಲ್ದೇ ಇದ್ದಾಗ ಗಟ್ಟಿಮುಟ್ಟಾಗಿದ್ದೆ. ಈಗ ಗೊತ್ತಾಗಿ ನಡುಗ್ತಿದೀನಲ್ಲ ರೀ" ಅಂದಳು ಗಂಡನಿಗೆ.

ಅವನು ಮಾತ್ರೆ, ನೀರಿನ ಲೋಟ ಅವಳ ಕೈಗಿತ್ತು ಪಕ್ಕದಲ್ಲೇ ಕೂತ.