ಆಚೆ ದಡದ ಮಳೆ

ಆ ದಿನವೂ ನಾನು ಎಂದಿನಂತೆ ಐದೂವರೆಗೆ ಎದ್ದೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ವಾಷಿಂಗ್ ಮಷೀನ್ ರಾತ್ರಿಯೇ ತಿರುಗಿ ನಿಂತಿತ್ತು. ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಿತ್ತಲಿನ ತಂತಿಯ ಹತ್ತಿರ ಹೋದೆ. ಇಷ್ಟು ಸಣ್ಣ ವಿಷಯವನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ದಿನ ನಡೆದದ್ದೆಲ್ಲ ಈ ಬುಟ್ಟಿಯಿಂದಲೇ ಶುರುವಾಯಿತು.

ಸತ್ತವರು ಬಂದರು, ಕಂಡರು ಎಂಬ ಮಾತುಗಳನ್ನು ನಾನು ಅಲ್ಲಿಯವರೆಗೆ ನಂಬಿದವಳಲ್ಲ. ತುಮಕೂರಿನ ಕಾನ್ವೆಂಟಿನಲ್ಲಿ ನಾವು ಹುಡುಗಿಯರು ಒಮ್ಮೆ ಹಿಂದಿನ ಕೋಣೆಯಲ್ಲಿ ದೆವ್ವ ಕಂಡಿತೆಂದು ಚೀರಿಕೊಂಡಾಗ, ಸಿಸ್ಟರ್ ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಟವೆಲ್ ತಂದು ನಮ್ಮೆದುರು ಝಾಡಿಸಿದ್ದರು. "ಇದೇ ನಿಮ್ಮ ದೆವ್ವ. ಮೊದಲು ಒಗೆದು ಒಣಹಾಕಿ" ಎಂದಿದ್ದರು. ನಾನು ಬೆಳೆದದ್ದು ಹಾಗೆ.

ಬುಟ್ಟಿಯಲ್ಲಿ ಯಜಮಾನರ ಆಸ್ಪತ್ರೆಯ ಯೂನಿಫಾರ್ಮುಗಳ ನಡುವೆ ಅಮ್ಮನ ಕಾಫಿಪುಡಿ ಬಣ್ಣದ ನೂಲಿನ ಸೀರೆ ಸುತ್ತಿಕೊಂಡಿತ್ತು. ಎರಡು ತಿಂಗಳ ಹಿಂದೆ ಊರಿಂದ ತಂದ ಆ ಸೀರೆಯನ್ನು ನಾನು ಒಗೆದಿರಲಿಲ್ಲ. ಅದರಲ್ಲಿ ಕೊಬ್ಬರಿ ಎಣ್ಣೆ ಮತ್ತು ವಿಕ್ಸ್ ವಾಸನೆ ಇನ್ನೂ ಉಳಿದಿತ್ತು. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರುವಾಗ ಅದನ್ನು ಕೆನ್ನೆಗೆ ಒತ್ತಿಕೊಂಡು ಕೂರುತ್ತಿದ್ದೆ. ರಾತ್ರಿ ಯಜಮಾನರು ನನಗೆ ಸಹಾಯವಾಗಲೆಂದು, ಕುರ್ಚಿಯ ಮೇಲೆ ಕಂಡದ್ದನ್ನೆಲ್ಲ ಮಷೀನಿಗೆ ಹಾಕಿಬಿಟ್ಟಿದ್ದರು. ಮೂಸಿ ನೋಡಿದೆ. ಸೋಪಿನಪುಡಿಯ ನಿಂಬೆ ವಾಸನೆ. ಅಷ್ಟೆ.

ಸೀರೆಯನ್ನು ಎರಡು ಮಡಿಕೆ ಮಾಡಿ ತಂತಿಗೆ ಹಾಕಿ, ನಾಲ್ಕು ಕ್ಲಿಪ್ ಸಿಕ್ಕಿಸಿದೆ.

ಅಮ್ಮ ನ್ಯೂಜಿಲೆಂಡಿಗೆ ಬರಬೇಕಾಗಿತ್ತು. ಎರಡು ಸಲ ಮುಂದಕ್ಕೆ ಹಾಕಿದವಳು ನಾನೇ. ಮೊದಲು, ಫ್ಲ್ಯಾಟ್ ಬಿಟ್ಟು ಆಕ್ಲೆಂಡಿನ ಪಶ್ಚಿಮಕ್ಕಿರುವ ಹೆಂಡರ್ಸನ್ನಿನ ಈ ಮನೆಗೆ ಬರೋಣ, ಆಮೇಲೆ ಎಂದೆ. ಮನೆಗೆ ಬಂದ ಮೇಲೆ, "ಈಗ ಇಲ್ಲಿ ವಿಪರೀತ ಚಳಿ ಅಮ್ಮ, ಚಳಿ ಕಳೀಲಿ, ಸೆಪ್ಟೆಂಬರಲ್ಲಿ ಬಾ" ಎಂದೆ. "ಚಳಿ ನಂಗೇನ್ ಮಾಡುತ್ತೆ ಕಣೇ" ಎಂದಳು. ನಾನು ಒಪ್ಪಲಿಲ್ಲ. ಆಗ ಫೋನಿನ ಆ ಕಡೆಯಿಂದ ಒಂದು "ಹೂಂ" ಬಂತು. ಎದುರಿಗಿದ್ದಿದ್ದರೆ ಮುಖ ನೋಡಿ ತಿಳಿಯುತ್ತಿದ್ದೆ. ಅದು ಆಗಲಿ ಎಂಬ ಹೂಂ ಆಗಿತ್ತೋ, ನೊಂದುಕೊಂಡದ್ದೋ ಫೋನಿನಲ್ಲಿ ಗೊತ್ತಾಗಲಿಲ್ಲ. ಜುಲೈನಲ್ಲಿ ಅಮ್ಮ ಹೋಗಿಬಿಟ್ಟಳು. ನಾನು ಊರು ತಲುಪುವ ಹೊತ್ತಿಗೆ ಎಲ್ಲ ಮುಗಿದು ಮೂರು ದಿನವಾಗಿತ್ತು.

ಅಮ್ಮ ಬರುತ್ತಾಳೆಂದು ಯಜಮಾನರ ಜೊತೆ ಕೆಲಸ ಮಾಡುವವರು ವೈಹೀಕೆ ದ್ವೀಪ ಸುತ್ತಿಬರುವ ಎರಡು ಟಿಕೆಟ್ ಉಡುಗೊರೆ ಕೊಟ್ಟಿದ್ದರು. ಹೋಗಲು ಫೆರಿ ದೋಣಿ, ಅಲ್ಲಿ ಸುತ್ತಲು ಬಸ್ಸು. ಸೆಪ್ಟೆಂಬರ್ ಕೊನೆಗೆ ಅವುಗಳ ಅವಧಿ ಮುಗಿಯುತ್ತಿತ್ತು.

"ಹೋಗಿ ಬಾರೇ" ಎಂದರು ಯಜಮಾನರು, ಶೂ ಹಾಕಿಕೊಳ್ಳುತ್ತಾ. "ಗೋಡೆ ನೋಡ್ಕೊಂಡು ಕೂತಿರ್ತೀಯ. ಒಂದಿನ ಸಮುದ್ರ ನೋಡು. ನಾನು ಬರೋದು ಹೇಗೂ ಎಂಟಾಗುತ್ತೆ."

ಬಾಗಿಲಿಗೆ ಬೀಗ ಹಾಕಿ ಹೊರಟಾಗ ಬಿಸಿಲಿತ್ತು. ಗಾಳಿ ಮಾತ್ರ ಕೊರೆಯುತ್ತಿತ್ತು.

ದ್ವೀಪದ ಬಸ್ಸಿನ ಡ್ರೈವರ್ ನನ್ನ ಎರಡು ಟಿಕೆಟ್ ನೋಡಿ, "ಇನ್ನೊಬ್ಬರು?" ಎಂದ. ಬರಲಿಲ್ಲ ಎಂದೆ. "ಪರವಾಗಿಲ್ಲ, ಸೀಟು ಅವರದೇ" ಎಂದು ನನ್ನ ಪಕ್ಕ ಬೇರೆ ಯಾರನ್ನೂ ಕೂರಿಸಲಿಲ್ಲ. ಅವನು ಒಳ್ಳೆಯದಕ್ಕೇ ಹಾಗೆ ಮಾಡಿದ್ದು. ಆದರೆ ದಿನವಿಡೀ ಆ ಖಾಲಿ ಸೀಟು ನನ್ನ ಪಕ್ಕದಲ್ಲೇ ಇತ್ತು. ತಿರುವು ಬಂದಾಗಲೆಲ್ಲ ನನ್ನ ಕೈಚೀಲ ಅದರ ಮೇಲೆ ಜಾರುತ್ತಿತ್ತು.

ಹಿಂದಿನ ಸೀಟಿನಲ್ಲಿ ಒಬ್ಬ ವಯಸ್ಸಾದ ಗಂಡ, ಹೆಂಡತಿ. ಗ್ರೀಸ್ ದೇಶದ ದ್ವೀಪಗಳಿಗೆ ಹಡಗಿನಲ್ಲಿ ಕ್ರೂಸ್ ಹೋಗಿ ಆಗಷ್ಟೇ ಮರಳಿದವರು. ಆಲಿವ್ ತೋಪು ಬಂದರೆ ಆತ, "ಅಲ್ಲಿಯ ಹಾಗೇ ಇದೆ ನೋಡು" ಎನ್ನುವುದು. ನೀಲಿ ನೀರು ಬಂದರೆ, "ಅಲ್ಲಿ ಇನ್ನೂ ನೀಲಿ" ಎನ್ನುವುದು.

"ಅಲ್ಲಿ ನಿನಗೆ ಯಾವುದೂ ಹಿಡಿಸಿರಲಿಲ್ಲ. ಕಾಲುನೋವು ಅಂತ ಹಡಗಲ್ಲೇ ಕೂತಿದ್ದೆ" ಎಂದಳು ಆಕೆ.

"ಹಡಗಿನಿಂದಲೂ ಕಾಣುತ್ತಿತ್ತಲ್ಲ!" ಎಂದ ಆತ.

ನನಗೆ ನಗು ಬಂತು. ತಿರುಗಿ ಪಕ್ಕದ ಸೀಟಿಗೆ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.

ಊಟ ಮುಗಿದ ಮೇಲೆ ಬಸ್ಸು ಒಂದು ಗುಡ್ಡದ ನೆತ್ತಿಯಲ್ಲಿ ನಿಂತಿತು. ನಮ್ಮ ಮೇಲೆ ಒಳ್ಳೆಯ ಬಿಸಿಲು. ಡ್ರೈವರ್ ಕೈ ತೋರಿಸಿ, "ಅಲ್ಲಿ ನೋಡಿ, ಆಕ್ಲೆಂಡಿನವರಿಗೆ ಸ್ನಾನ" ಎಂದ. ನೀರಿನಾಚೆ ಊರಿನ ಪಶ್ಚಿಮದ ತುದಿ ಬೂದು ಪರದೆ ಎಳೆದಂತೆ ಮರೆಯಾಗಿತ್ತು. ಸರಿಯಾಗಿ ನಮ್ಮ ಮನೆಯಿರುವ ಕಡೆ.

ತುಮಕೂರಿನಲ್ಲಿ ನಮ್ಮ ಬೀದಿಯ ತಾರಸಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲ ಹನಿ ಯಾರ ಮೇಲೆ ಬಿದ್ದರೂ ಅವರು ಕೂಗಬೇಕು. ಎಲ್ಲ ಮನೆಯ ಹೆಂಗಸರೂ ಮೆಟ್ಟಿಲು ಹತ್ತಿ ಓಡಬೇಕು. ನಾನು ಬೀದಿಯ ತುದಿಯಿಂದಲೇ ಕೂಗುತ್ತಿದ್ದೆ. ಅಮ್ಮ ಮೇಲಿನಿಂದ, "ತೆಗೀತಿದೀನಿ ಕಣೇ, ನೀ ಒಳಗ್ ನಡಿ" ಎನ್ನುತ್ತಿದ್ದಳು.

ಆ ಬೂದು ಪರದೆ ಕಂಡೊಡನೆ ಕಾಫಿಪುಡಿ ಬಣ್ಣದ ಸೀರೆ ಕಣ್ಣೆದುರು ಬಂತು. ಬಾಯಿಂದ ತಾನಾಗಿ ಹೊರಟುಬಿಟ್ಟಿತು, ಅದೂ ಜೋರಾಗಿ: "ಅಮ್ಮಾ, ಮಳೆ ಬಂತು! ಬಟ್ಟೆ!"

ಇಡೀ ಬಸ್ಸು ತಿರುಗಿ ನೋಡಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. "ಬಟ್ಟೆ ಒಣಹಾಕಿ ಬಂದಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ನಾನೂ ಹಾಕಿ ಬಂದಿದ್ದೇನೆ, ದೇವರೇ!" ಎಂದಳು ಒಬ್ಬಳು. ಡ್ರೈವರನ ತಲೆಯ ಮೇಲಿದ್ದ ಗಡಿಯಾರ ಎರಡು ತೋರಿಸುತ್ತಿತ್ತು.

ನನಗೆ ಯಾವ ದನಿಯೂ ಕೇಳಲಿಲ್ಲ, ಯಾವ ರೂಪವೂ ಕಾಣಲಿಲ್ಲ. ಆದರೆ ಆ ಆತಂಕ ಇದ್ದಕ್ಕಿದ್ದಂತೆ ಹೋಯಿತು. ಚಿಕ್ಕವಳಿದ್ದಾಗ ಮೇಲಿನಿಂದ ಉತ್ತರ ಬಂದ ಮೇಲೆ ಹೋಗುತ್ತಿತ್ತಲ್ಲ, ಹಾಗೆ. ಕಿಟಕಿಗೆ ತಲೆಯಾನಿಸಿದೆ. ಎರಡು ತಿಂಗಳಿನಿಂದ ಸರಿಯಾಗಿ ಮಲಗದ ನನಗೆ, ಫೆರಿ ನಿಲ್ಲುವ ಜಾಗ ಬಂದದ್ದೂ ತಿಳಿಯದಷ್ಟು ಗಾಢ ನಿದ್ದೆ ಬಂತು.

ಮನೆ ಸೇರಿದಾಗ ಆರೂ ಆಗಿರಲಿಲ್ಲ. ಇನ್ನೂ ಬೆಳಕಿತ್ತು, ನೆಲವೆಲ್ಲ ನೆನೆದಿತ್ತು. ಹಿತ್ತಲಿಗೆ ಹೋದೆ. ತಂತಿ ಖಾಲಿ. ಹಿಂಬಾಗಿಲಿಗೆ ನಾನು ಹಾಕಿದ ಬೀಗ ಹಾಗೇ ಇತ್ತು. ಅದರ ಪಕ್ಕ, ಮಾಡಿನ ಕೆಳಗೆ, ಬುಟ್ಟಿ ಇತ್ತು. ಯೂನಿಫಾರ್ಮುಗಳು ಒಣಗಿದ್ದವು, ಮಡಿಕೆಯಾಗಿದ್ದವು. ಕ್ಲಿಪ್ಪುಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಸರದಂತಿದ್ದವು. ಎಲ್ಲಕ್ಕಿಂತ ಮೇಲೆ ಅಮ್ಮನ ಸೀರೆ.

ಪಕ್ಕದ ಮನೆಯ ಶರ್ಲಿ ಎತ್ತಿಟ್ಟಿದ್ದಾರೆ ಎಂದುಕೊಂಡೆ. ಬೇರೆ ಯಾರು ಮಾಡುತ್ತಾರೆ? ಆಮೇಲೆ ಸೀರೆಯನ್ನು ಕೈಗೆತ್ತಿಕೊಂಡೆ. ಅದನ್ನು ಇಟ್ಟಿಗೆಯಷ್ಟು ಗಟ್ಟಿಯಾಗಿ ಮಡಿಸಿ, ಸೆರಗಿನ ಕೊನೆಯನ್ನು ಒಳಗೆ ಸಿಕ್ಕಿಸಿದ್ದರು. ಎಸೆದರೂ ಬಿಚ್ಚುವುದಿಲ್ಲ. ಅಮ್ಮ ಹಾಗೆ ಮಡಿಸುತ್ತಿದ್ದಳು. ನನಗೆ ಎಷ್ಟು ಸಲ ಹೇಳಿಕೊಟ್ಟರೂ ಬಂದಿರಲಿಲ್ಲ. ಈಗಲೂ ಬರುವುದಿಲ್ಲ.

ಇದನ್ನು ಕೇಳಿದವರು ಒಂದೊಂದು ಸಮಾಧಾನ ಹೇಳಿದ್ದಾರೆ. ಶರ್ಲಿಯ ಕನ್ನಡಕ ಹಳೆಯದು ಎನ್ನುತ್ತಾರೆ ಯಜಮಾನರು. ಬೀದಿಯ ಕೊನೆಯವರೆಗೂ ವಿಚಾರಿಸಿದೆ. ಆ ಸುತ್ತಿನಲ್ಲಿ ಸೀರೆ ಉಡುವವಳು ನಾನೊಬ್ಬಳೇ. ಎಷ್ಟೋ ವರ್ಷಗಳ ಹಿಂದಿನ ಮಾತು. ನನಗೆ ಇನ್ನೂ ಅರ್ಥವಾಗಿಲ್ಲ. ಆ ಸಂಜೆ ಕೇಳಿದ್ದನ್ನು ಕೇಳಿದ ಹಾಗೆ ಬರೆದು ಮುಗಿಸುತ್ತೇನೆ.

ದ್ವೀಪದಲ್ಲಿ ಕೊಂಡಿದ್ದ ಆಲಿವ್ ಎಣ್ಣೆಯ ಶೀಶೆ ಹಿಡಿದು ಬೇಲಿಯ ಹತ್ತಿರ ಹೋದೆ. ಶರ್ಲಿ ಬೆಕ್ಕಿಗೆ ಊಟ ಹಾಕುತ್ತಿದ್ದರು. ಅಮ್ಮ ಬರುವುದಿದೆ ಎಂದು ಅವರಿಗೆ ಹೇಳಿದ್ದೆ, ತೀರಿಕೊಂಡದ್ದನ್ನು ಹೇಳಿರಲಿಲ್ಲ. ಎಪ್ಪತ್ತು ದಾಟಿದವರನ್ನು ಬರೀ ಹೆಸರಿನಿಂದ ಕರೆಯಲು ನನಗೆ ನಾಲಿಗೆ ಬಾರದು.

"ಥ್ಯಾಂಕ್ಯೂ ಆಂಟಿ, ಬಟ್ಟೆ ತೆಗೆದಿಟ್ಟಿದ್ದಕ್ಕೆ" ಎಂದೆ.

"ನಾನಲ್ಲ, ಡಿಯರ್" ಎಂದರು, ಶೀಶೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ. "ಎರಡು ಗಂಟೆಯ ನ್ಯೂಸ್ ಶುರುವಾಗಿತ್ತು. ಮಳೆ ಬಂತಲ್ಲ ಅಂತ ಹೊರಗೆ ಬರೋಷ್ಟರಲ್ಲಿ ನಿಮ್ಮಮ್ಮ ಆಗಲೇ ತೆಗೀತಿದ್ರು. ಬಂದಿದ್ದಾರೆ ಅಂತ ನೀನು ಹೇಳಲೇ ಇಲ್ಲ! ಪಾಪ, ಬರೀ ಸೀರೆ, ಸ್ವೆಟರ್ ಇಲ್ಲ, ಕಾಲಿಗೆ ಏನೂ ಇಲ್ಲ. ಚಳಿ ಆಗಲ್ವಾ ಅಂತ ಇಲ್ಲಿಂದಲೇ ಕೇಳಿದೆ. ನಕ್ಕರು. ಆಮೇಲೆ, ನೀನೂ ಮಾಡ್ತೀಯಲ್ಲ, ಹೀಗೆ, ತಲೆ ಅಲ್ಲಾಡಿಸಿದ್ರು." ಶರ್ಲಿ ತಮ್ಮ ನರೆತ ತಲೆಯನ್ನು ಅತ್ತಿತ್ತ ವಾಲಿಸಿ ತೋರಿಸಿದರು. "ಅದು ಹೌದು ಅಂತಲೋ, ಇಲ್ಲ ಅಂತಲೋ, ನನಗಂತೂ ಯಾವತ್ತೂ ಗೊತ್ತಾಗಲ್ಲ ನೋಡು."