ಬುರುಲಾಯ್ ಇಟ್ಟ ಮೊದಲ ಬಟನ್

ಬೆಟ್ಟದೂರು ಅತ್-ಬಾಶಿಯ ಹುಲ್ಲುಗಾವಲು ಸಮಿತಿಯಲ್ಲಿ ಬುರುಲಾಯ್ ಗುಮಾಸ್ತೆ. ಸೊಸೆಯಾಗಿ ಬಂದು ಹದಿನಾರು ವರ್ಷವಾದರೂ ಗಂಡನ ಅಣ್ಣನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಅಲ್ಲಿನ ಸೊಸೆಯರು ಯಾರೂ ಆಡುವುದಿಲ್ಲ. ಕುರಿಗಾಹಿಗಳು ಕಾಗದ ಹಿಡಿದು ಅಲೆಯುವುದು ತಪ್ಪಲಿ ಎಂದು ಈ ವಸಂತದಲ್ಲಿ ತಾನೇ ಕಲಿತು, ಫೋನಿನಲ್ಲೇ ತುಂಬುವ ಅರ್ಜಿಯೊಂದನ್ನು ಮಾಡಿದ್ದಳು. ಕುರಿಗಳ ಎಣಿಕೆಗೆ ಒಂದು ಚೌಕ, ಅದರ ಕೆಳಗೆ ಎರಡು ಬಟನ್. ಮೊದಲು 'ಹುಲ್ಲುಗಾವಲು ಬಿಟ್ಟುಕೊಡುತ್ತೇನೆ', ಆಮೇಲೆ 'ಈ ವರ್ಷವೂ ಹೋಗುತ್ತೇನೆ'.

ಮಂದೆಗಳು ಸೇತುವೆ ದಾಟುವ ದಿನ ಬೆಳಿಗ್ಗೆಯೇ ಅಸಿಪಾ ಅಜ್ಜಿ ಕಚೇರಿಗೆ ಬಂದು ಕೂತಳು. ಅವಳು ಮೂವತ್ತು ಬೇಸಿಗೆ ಕುರಿ ಮೇಯಿಸಿದ ಹುಲ್ಲುಗಾವಲು ಈಗ ಸಮಿತಿಯ ಪಟ್ಟಿಯಲ್ಲಿ ಬೇರೆಯವರ ಪಾಲಾಗಿತ್ತು. ಮಧ್ಯಾಹ್ನದೊಳಗೆ ಅವರು ಅಲ್ಲಿ ಗುಡಾರ ಊರಿದರೆ ಮುಗಿಯಿತು. ಊರಿದ ಗುಡಾರವನ್ನು ಯಾರೂ ಕೀಳಿಸುವುದಿಲ್ಲ.

"ನೀವೇ ಬಿಟ್ಟುಕೊಟ್ಟಿದ್ದೀರಲ್ಲ ಅಜ್ಜಿ," ಎಂದಳು ಬುರುಲಾಯ್.

"ಉಳಿದಿರೋ ಎರಡು ಹಲ್ಲು ಬೇಕಾದ್ರೆ ಬಿಟ್ಟೇನು. ಹುಲ್ಲುಗಾವಲು ಬಿಡ್ತೀನಾ?"

ಹೇಗೆ ತುಂಬಿದಿರಿ, ತೋರಿಸಿ ಎಂದಳು ಬುರುಲಾಯ್. ಅಜ್ಜಿ ಅರವತ್ತೆರಡು ಎಂದು ಹಾಕಿ, ಕೀಲಿಮಣೆಯ ಮೂಲೆಯಲ್ಲಿದ್ದ ಬಾಣದ ಗುರುತನ್ನು ಒತ್ತಿದಳು. ಎರಡು ಬಟನ್‌ಗಳ ಕಡೆ ಬೆರಳು ಹೋಗಲೇ ಇಲ್ಲ. ಆದರೂ ಅರ್ಜಿ ಹೋಯಿತು. ಬುರುಲಾಯಳಿಗೆ ಆಗ ಹೊಳೆಯಿತು. ಯಾವ ಬಟನ್ ಎಂದು ಹೇಳದೆ ಬಾಣ ಒತ್ತಿದರೆ ಫೋನು ಮೊದಲನೆಯದನ್ನೇ ಒತ್ತಿದರೆಂದು ತಿಳಿಯುತ್ತದೆ. ಅದನ್ನು ಮೊದಲು ಇಟ್ಟವಳು ಅವಳೇ. ಬಿಟ್ಟವರ ಸಾಲಿನಲ್ಲಿದ್ದದ್ದು ಅಜ್ಜಿಯ ಹೆಸರೊಂದೇ. ಜಾಗಕ್ಕಾಗಿ ಕಾಯುವವರ ಹಳೆಯ ಕಾಗದದ ಪಟ್ಟಿಯಲ್ಲಿ ಮೊದಲಿಗನಾಗಿದ್ದ ಭಾವನಿಗೆ, ಅವಳ ಗಂಡನ ಅಣ್ಣನಿಗೆ, ಅದು ಹೋಗಿತ್ತು.

ಮುಂದಿನ ವರ್ಷ ಸರಿಮಾಡೋಣ, ನಿನ್ನ ಮನೆಗೇ ತಾನೇ ಸಿಕ್ಕಿದ್ದು ಎಂದು ಸಮಿತಿಯ ಅಧ್ಯಕ್ಷರು ಚಹಾದ ಬಟ್ಟಲು ಎತ್ತಿಕೊಂಡರು. ಬುರುಲಾಯ್ ಸೇತುವೆಗೆ ಓಡಿದಳು.

ಭಾವನ ಲಾರಿ ಎಲ್ಲರಿಗಿಂತ ಮುಂದೆ, ಗುಡಾರದ ಕೋಲು ಕಂಬಳಿಗಳನ್ನು ಹೇರಿಕೊಂಡು ಗುರುಗುಟ್ಟುತ್ತಿತ್ತು. ಅವಳು ಅದಕ್ಕೆ ಅಡ್ಡ ನಿಂತಳು. ಭಾವ ಕೆಳಗಿಳಿದ, ಹಿಂದಿದ್ದ ಕುರಿಗಾಹಿಗಳೂ ನಿಂತರು.

"ದಾರಿ ಬಿಡಮ್ಮ. ಪಟ್ಟಿ ಬರೆದವಳು ನೀನೇ."

"ಒಂದು ಎಣಿಕೆ ಉಳಿದಿದೆ ಭಾವ. ನಿಮ್ಮ ಕುರಿ ಎಷ್ಟು ಅಂತ ಹಾಕಿಬಿಡಿ." ಅವನ ಹೆಸರಿನ ಅರ್ಜಿ ತೆರೆದು ಫೋನು ಕೊಟ್ಟಳು.

ಇನ್ನೂರ ಹತ್ತು ಎಂದು ಹಾಕಿದ ಹೆಬ್ಬೆರಳು ತಾನಾಗಿಯೇ ಮೂಲೆಗೆ ಹೋಯಿತು. ಪರದೆಯ ಮೇಲೆ ಮೂಡಿತು: 'ನೀವು ಹುಲ್ಲುಗಾವಲು ಬಿಟ್ಟುಕೊಟ್ಟಿದ್ದೀರಿ.'

"ಏನಿದು? ನಾನೆಲ್ಲಿ ಬಿಟ್ಟೆ?"

"ಅಜ್ಜಿನೂ ಬಿಟ್ಟಿರಲಿಲ್ಲ ಭಾವ. ತಪ್ಪು ನಂದು."

ಇಬ್ಬರ ಉಣ್ಣೆನೂ ಒಂದೇ ಕತ್ತರಿ ಕತ್ತರಿಸ್ತಲ್ಲಪ್ಪ ಎಂದು ಹಿಂದಿನಿಂದ ಯಾರೋ ನಕ್ಕರು. ಭಾವ ನಗಲಿಲ್ಲ. ಪರದೆಯನ್ನು ಇನ್ನೊಮ್ಮೆ ಓದಿ ಫೋನು ಹಿಂದಿರುಗಿಸಿ ಲಾರಿ ಹತ್ತಿದ. ಲಾರಿ ನಿಧಾನವಾಗಿ ಹಿಂದಕ್ಕೆ ಸರಿಯಿತು. ಅಜ್ಜಿಯ ಕುರಿಗಳು ಧೂಳೆಬ್ಬಿಸುತ್ತಾ ಸೇತುವೆ ಹತ್ತಿದವು.

ಬಟನ್‌ಗಳ ಜಾಗ ಬದಲಿಸಿದ್ದು ಆಮೇಲೆ. ಮೊದಲು ಸೇತುವೆಯ ಕಟ್ಟೆಯ ಮೇಲೆ ಕೂತು ಭಾವನನ್ನು ಜಾಗಕ್ಕಾಗಿ ಕಾಯುವವರ ಪಟ್ಟಿಯ ಮೊದಲ ಸಾಲಿಗೆ ಮತ್ತೆ ಸೇರಿಸಿದಳು. ಎಂದೂ ಬಾಯಲ್ಲಿ ಆಡದ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ, ಎರಡು ಸಲ ನೋಡಿ ಬರೆದಳು.